ಮನೆಯ ವೈ-ಫೈ ಭದ್ರತೆ: ಯಾವ ಆಯ್ಕೆ ಯಾರನ್ನು ತಡೆಯುತ್ತದೆ?

ಮನೆಯ ವೈ-ಫೈ ರೂಟರಿನ ಸೆಟ್ಟಿಂಗ್ಸ್ ಪುಟವನ್ನು ತೆರೆದವರಿಗೆ ಭದ್ರತೆಯ ಹೆಸರಿನಲ್ಲಿ ಹತ್ತಾರು ಆಯ್ಕೆಗಳು ಒಟ್ಟಿಗೆ ಎದುರಾಗುತ್ತವೆ: ಎನ್‌ಕ್ರಿಪ್ಷನ್ನಿನ (ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ವಿಧಾನದ) ನಾಲ್ಕೈದು ಬಗೆಗಳು, ಜಾಲದ ಹೆಸರನ್ನು ಮರೆಮಾಡುವ ಗುಂಡಿ, ಮ್ಯಾಕ್ ವಿಳಾಸಗಳ (ಜಾಲದಲ್ಲಿ ಪ್ರತಿ ಸಾಧನವನ್ನು ಗುರುತಿಸುವ ಸಂಖ್ಯೆಗಳ) ಪಟ್ಟಿ, ಡಬ್ಲ್ಯುಪಿಎಸ್, ಅತಿಥಿ ಜಾಲ, ದೂರದಿಂದ ನಿರ್ವಹಣೆ. ಇವೆಲ್ಲವೂ ಒಂದೇ ಗಾತ್ರದ ಅಕ್ಷರಗಳಲ್ಲಿ, ಒಂದೇ ತೂಕದವು ಎಂಬಂತೆ ಕಾಣುತ್ತವೆ. ವಾಸ್ತವದಲ್ಲಿ ಇವುಗಳಲ್ಲಿ ಕೆಲವು ದಾಳಿಯನ್ನು ನಿಜವಾಗಿಯೂ ತಡೆಯುತ್ತವೆ, ಕೆಲವು ಮನೆಯವರಿಗೆ ಮಾತ್ರ ತೊಂದರೆ ಕೊಟ್ಟು ನುಸುಳುಕೋರನ ದಾರಿಗೆ ಅಡ್ಡಬರುವುದೇ ಇಲ್ಲ, ಇನ್ನು ಒಂದೆರಡು ಅನುಕೂಲದ ಹೆಸರಿನಲ್ಲಿ ಉಳಿದ ಭದ್ರತೆಯನ್ನೂ ಕೆಡಿಸುತ್ತವೆ.

ಆದ್ದರಿಂದ ಯಾವುದೇ ಆಯ್ಕೆಯನ್ನು ಅಳೆಯುವ ಮೊದಲು ಅದು ಯಾರನ್ನು ತಡೆಯಬೇಕಾಗಿದೆ ಎಂದು ಕೇಳಿಕೊಳ್ಳಬೇಕು. ಮನೆಯ ಜಾಲದೊಳಗೆ ಬರಲು ನೋಡುವವರು ಮುಖ್ಯವಾಗಿ ಮೂರು ಬಗೆ. ಮೊದಲನೆಯವರು ಸಿಗ್ನಲ್ ಸಿಗುವಷ್ಟು ಹತ್ತಿರದಲ್ಲಿದ್ದು, ಪುಕ್ಕಟೆ ಇಂಟರ್ನೆಟ್ ಸಿಕ್ಕರೆ ಸಾಕು ಎಂದು ಸುಲಭದ ಪಾಸ್‌ವರ್ಡುಗಳನ್ನು ಊಹಿಸಿ ನೋಡುವವರು. ಎರಡನೆಯವರು ಉಪಕರಣವೂ ತಿಳಿವಳಿಕೆಯೂ ಇದ್ದು, ಗಾಳಿಯಲ್ಲಿ ಹರಿಯುವ ಸಂದೇಶಗಳನ್ನು ದಾಖಲಿಸಿಕೊಂಡು ಹೋಗಿ, ಬೇರೆಡೆ ಕುಳಿತು ಬಿಡುವಾಗಿ ಪಾಸ್‌ವರ್ಡನ್ನು ಒಡೆಯುವವರು. ಮೂರನೆಯವರು ಮನೆಯ ಹತ್ತಿರ ಸುಳಿಯುವುದೇ ಇಲ್ಲ. ಇಂಟರ್ನೆಟ್ಟಿನ ಕಡೆಯಿಂದ ರೂಟರಿನ ದೋಷವನ್ನೋ, ಮನೆಯೊಳಗಿನ ಅಗ್ಗದ ಕ್ಯಾಮೆರಾವೊಂದರ ದೋಷವನ್ನೋ ಹಿಡಿದು ಒಳಗೆ ಬರುತ್ತಾರೆ, ಮತ್ತು ಆ ಕೆಲಸವನ್ನು ಬಹುಮಟ್ಟಿಗೆ ತಾನಾಗಿ ಓಡುವ ಪ್ರೋಗ್ರಾಮುಗಳೇ ಮಾಡುತ್ತವೆ. ಈ ಮೂವರಲ್ಲಿ ಒಬ್ಬರನ್ನು ತಡೆಯುವ ಕ್ರಮ ಇನ್ನೊಬ್ಬರ ಮುಂದೆ ನಿರುಪಯೋಗಿಯಾಗಬಹುದು. ಜನ ತಮ್ಮ ಶ್ರಮವನ್ನೆಲ್ಲ ಮೊದಲನೆಯವರನ್ನು ತಡೆಯುವುದಕ್ಕೇ ಸುರಿದು, ಉಳಿದಿಬ್ಬರಿಗೆ ಬಾಗಿಲು ತೆರೆದಿಡುವುದು ನನ್ನನ್ನು ಬಹಳವಾಗಿ ಚಿಂತೆಗೀಡುಮಾಡುವ ಸಂಗತಿ.

ಎನ್‌ಕ್ರಿಪ್ಷನ್ನಿನ ಬಗೆ

ಹೋಲಿಕೆ ಇಲ್ಲಿಂದಲೇ ಆರಂಭವಾಗಬೇಕು, ಏಕೆಂದರೆ ಇಲ್ಲಿ ತಪ್ಪಿದರೆ ಮುಂದಿನ ಯಾವ ಆಯ್ಕೆಯೂ ಅದನ್ನು ಸರಿದೂಗಿಸಲಾರದು. ವೈ-ಫೈ ಮಾನದಂಡ 1997ರಲ್ಲಿ ಬಂದಾಗ ಅದರ ಜೊತೆಗೇ ಬಂದ ಡಬ್ಲ್ಯುಇಪಿ ಎಂಬ ವಿಧಾನ ಇಂದು ಭದ್ರತೆಯೇ ಅಲ್ಲ. ಅದು ಪ್ರತಿ ಪ್ಯಾಕೆಟ್ಟಿಗೂ ಕೀಲಿಯ ಜೊತೆ ಸೇರಿಸುತ್ತಿದ್ದ ಬದಲಾಗುವ ಸಂಖ್ಯೆ ಕೇವಲ 24 ಬಿಟ್ ಉದ್ದದ್ದಾಗಿದ್ದರಿಂದ, ದಟ್ಟಣೆಯಿರುವ ಜಾಲದಲ್ಲಿ ಅದೇ ಸಂಖ್ಯೆಗಳು ಬೇಗನೆ ಮರುಕಳಿಸುತ್ತಿದ್ದವು; 2001ರಲ್ಲಿ ಅದರ ಮೂಲದಲ್ಲಿದ್ದ ಆರ್‌ಸಿ4 ಎಂಬ ಗೂಢಲಿಪಿಯ ಬಳಕೆಯ ದೌರ್ಬಲ್ಯವೂ ಬಯಲಾಯಿತು. 2004ರಲ್ಲಿ ಆ ಮಾನದಂಡವನ್ನು ರೂಪಿಸಿದ ಐಇಇಇ ಸಂಸ್ಥೆಯೇ ಅದನ್ನು ಬಳಸಬಾರದೆಂದು ಬದಿಗಿಟ್ಟಿತು. ಪಾಸ್‌ವರ್ಡ್ ಎಷ್ಟೇ ಗಟ್ಟಿಯಾಗಿದ್ದರೂ ಡಬ್ಲ್ಯುಇಪಿ ಕೆಲವೇ ನಿಮಿಷಗಳಲ್ಲಿ ಒಡೆಯುತ್ತದೆ. 2003ರಲ್ಲಿ ತಾತ್ಕಾಲಿಕ ಪರಿಹಾರವೆಂದು ಬಂದ ಮೊದಲ ಡಬ್ಲ್ಯುಪಿಎ, ಅಂದರೆ ಮೆನುವಿನಲ್ಲಿ ಟಿಕೆಐಪಿ ಎಂದು ಕಾಣುವ ಆಯ್ಕೆಯೂ ಹಳೆಯ ಯಂತ್ರಗಳ ಮೇಲೆ ಓಡಲೆಂದು ಹೊಲಿದ ತೇಪೆಯಾಗಿತ್ತು, ಅದನ್ನೂ ಕೈಬಿಡಬೇಕು. ಮನೆಯಲ್ಲಿರುವ ಯಾವುದೋ ಹಳೆಯ ಪ್ರಿಂಟರ್ ಡಬ್ಲ್ಯುಇಪಿ ಅಥವಾ ಟಿಕೆಐಪಿ ಇಲ್ಲದೆ ಜಾಲಕ್ಕೆ ಸೇರುವುದಿಲ್ಲ ಎಂದಾದರೆ ಆ ಪ್ರಿಂಟರಿಗೆ ಕೇಬಲ್ ಹಾಕಬೇಕೇ ಹೊರತು ಅದೊಂದರ ಸಲುವಾಗಿ ಇಡೀ ಮನೆಯ ಭದ್ರತೆಯನ್ನು ಇಳಿಸಬಾರದು.

ಆದ್ದರಿಂದ ನಿಜವಾದ ಆಯ್ಕೆ ಉಳಿಯುವುದು ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ನಡುವೆ. 2004ರಿಂದ ಬಳಕೆಯಲ್ಲಿರುವ ಡಬ್ಲ್ಯುಪಿಎ2, ಎಇಎಸ್ ಎಂಬ ಗಟ್ಟಿಯಾದ ಗೂಢಲಿಪಿಯನ್ನು ಬಳಸುತ್ತದೆ. ಆ ಗೂಢಲಿಪಿಯನ್ನು ಯಾರೂ ನೇರವಾಗಿ ಒಡೆದಿಲ್ಲ. ಅದರ ದೌರ್ಬಲ್ಯ ಇರುವುದು ಸಂಪರ್ಕ ಆರಂಭವಾಗುವ ಗಳಿಗೆಯಲ್ಲಿ. ಫೋನ್ ಜಾಲಕ್ಕೆ ಸೇರುವಾಗ ಅದಕ್ಕೂ ರೂಟರಿಗೂ ನಡುವೆ ನಾಲ್ಕು ಸಂದೇಶಗಳು ಓಡಾಡುತ್ತವೆ. ಅವುಗಳಲ್ಲಿ ಪಾಸ್‌ವರ್ಡ್ ಇರುವುದಿಲ್ಲ, ಆದರೆ ಒಂದು ಊಹೆ ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಬೇಕಾದಷ್ಟು ಮಾಹಿತಿ ಇರುತ್ತದೆ. ಎರಡನೆಯ ಬಗೆಯ ನುಸುಳುಕೋರ, ಸಂಪರ್ಕ ಕಡಿದುಹೋಗಿದೆ ಎಂಬ ಸುಳ್ಳು ಸಂದೇಶವನ್ನು ಫೋನಿಗೆ ಕಳುಹಿಸಿ, ಅದು ಮತ್ತೆ ಸೇರುವಾಗ ಈ ನಾಲ್ಕು ಸಂದೇಶಗಳನ್ನು ದಾಖಲಿಸಿಕೊಳ್ಳುತ್ತಾನೆ. ಮನೆಯವರಿಗೆ ವೀಡಿಯೊ ಒಂದೆರಡು ಕ್ಷಣ ನಿಂತಂತೆ ಕಾಣುತ್ತದೆ, ಅಷ್ಟೇ. ಆಮೇಲೆ ಅವನು ಮನೆಯ ಸುತ್ತಮುತ್ತ ಇರಬೇಕಾದ ಅಗತ್ಯವೇ ಇಲ್ಲ. ರೂಟರಿಗೆ ತಿಳಿಯದಂತೆ, ಯಾವ ಮಿತಿಯೂ ಇಲ್ಲದಂತೆ, ತನ್ನ ಕಂಪ್ಯೂಟರಿನಲ್ಲಿ ಕೋಟ್ಯಂತರ ಪಾಸ್‌ವರ್ಡುಗಳನ್ನು ಪರೀಕ್ಷಿಸುತ್ತಾ ಕೂರಬಹುದು.

2018ರಲ್ಲಿ ಬಂದ ಡಬ್ಲ್ಯುಪಿಎ3 ಈ ಗಳಿಗೆಯನ್ನೇ ಬದಲಾಯಿಸಿತು. ಅದರಲ್ಲಿ ಬಳಕೆಯಾಗುವ ಎಸ್‌ಎಇ ಎಂಬ ವಿಧಾನದಲ್ಲಿ ದಾಖಲಿಸಿಕೊಂಡ ಸಂದೇಶಗಳಿಂದ ಊಹೆಗಳನ್ನು ಪರೀಕ್ಷಿಸಲು ಬರುವುದಿಲ್ಲ. ಪ್ರತಿ ಊಹೆಗೂ ರೂಟರಿನೊಡನೆ ಹೊಸದಾಗಿ ಮಾತುಕತೆ ನಡೆಸಬೇಕು, ಅಂದರೆ ಮನೆಯ ಹತ್ತಿರವೇ ಇದ್ದು ಒಂದೊಂದಾಗಿ ಪ್ರಯತ್ನಿಸಬೇಕು. ಇನ್ನೂ ಒಂದು ಲಾಭವಿದೆ: ನಾಳೆ ಪಾಸ್‌ವರ್ಡ್ ಹೇಗೋ ಹೊರಬಿದ್ದರೂ, ನಿನ್ನೆ ದಾಖಲಿಸಿಟ್ಟ ಸಂವಹನವನ್ನು ಅದರಿಂದ ಬಿಡಿಸಲಾಗದು. ಸಂಪರ್ಕ ಕಡಿಯುವ ಸುಳ್ಳು ಸಂದೇಶಗಳನ್ನು ತಡೆಯುವ ರಕ್ಷಣೆಯೂ ಇದರಲ್ಲಿ ಕಡ್ಡಾಯ. ಇದು ಪರಿಪೂರ್ಣವೆಂದು ಹೇಳುವಂತಿಲ್ಲ. 2017ರಲ್ಲಿ ಕ್ರ್ಯಾಕ್ ಎಂಬ ಹೆಸರಿನಲ್ಲಿ ಡಬ್ಲ್ಯುಪಿಎ2 ದೋಷವನ್ನು ಬಯಲಿಗೆ ತಂದ ಸಂಶೋಧಕ ಮ್ಯಾಥಿ ವಾನ್‌ಹೂಫ್, 2019ರಲ್ಲಿ ಎಯಲ್ ರೋನೆನ್ ಜೊತೆ ಸೇರಿ ಡಬ್ಲ್ಯುಪಿಎ3ರಲ್ಲೂ ಲೋಪಗಳನ್ನು ತೋರಿಸಿದರು. ಆದರೆ ಎರಡಕ್ಕೂ ಅಪ್‌ಡೇಟ್ ಮೂಲಕ ಪರಿಹಾರ ಬಂದಿದೆ, ಮತ್ತು ಅಪ್‌ಡೇಟ್ ಆಗಿರುವ ರೂಟರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಡಬ್ಲ್ಯುಪಿಎ3 ಮೇಲುಗೈ ಸಾಧಿಸುವುದರಲ್ಲಿ ಸಂಶಯವಿಲ್ಲ.

ತೊಡಕು ಇರುವುದು ಇವೆರಡನ್ನೂ ಬೆರೆಸಿದ ಬಗೆಯಲ್ಲಿ. ಹೆಚ್ಚಿನ ರೂಟರುಗಳು ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡನ್ನೂ ಒಂದೇ ಹೆಸರು, ಒಂದೇ ಪಾಸ್‌ವರ್ಡಿನಡಿ ಒದಗಿಸುವ ಆಯ್ಕೆಯನ್ನು ಕೊಡುತ್ತವೆ. ಹಳೆಯ ಸಾಧನಗಳಿರುವ ಮನೆಗೆ ಇದು ಅನುಕೂಲವೇ ಸರಿ. ಆದರೆ ಡಬ್ಲ್ಯುಪಿಎ2 ಮೂಲಕ ಸೇರುವ ಒಂದೇ ಒಂದು ಸಾಧನದ ಸಂದೇಶಗಳನ್ನು ದಾಖಲಿಸಿಕೊಂಡರೂ ಅದೇ ಪಾಸ್‌ವರ್ಡ್ ಮೇಲೆ ಹಿಂದಿನಂತೆಯೇ ದಾಳಿ ನಡೆಸಬಹುದು. ಹೀಗಾಗಿ ಬೆರಕೆಯ ಜಾಲದ ಬಲವನ್ನು ಡಬ್ಲ್ಯುಪಿಎ2 ಬಲವೆಂದೇ ಎಣಿಸಬೇಕು. ಇದಕ್ಕಿಂತ ಉತ್ತಮವಾದದ್ದು, ರೂಟರ್ ಅವಕಾಶ ಕೊಟ್ಟರೆ, ಮುಖ್ಯ ಜಾಲವನ್ನು ಡಬ್ಲ್ಯುಪಿಎ3 ಮಾತ್ರ ಎಂದಿಟ್ಟು, ಹಳೆಯ ಸಾಧನಗಳಿಗಾಗಿ ಬೇರೆ ಪಾಸ್‌ವರ್ಡಿನ ಪ್ರತ್ಯೇಕ ಡಬ್ಲ್ಯುಪಿಎ2 ಜಾಲವನ್ನು ತೆರೆಯುವುದು. ರೂಟರ್ ಡಬ್ಲ್ಯುಪಿಎ3 ಅರಿಯದ ಹಳೆಯ ಮಾದರಿಯಾಗಿದ್ದರೂ ಗಾಬರಿಪಡಬೇಕಿಲ್ಲ; ಎಇಎಸ್ ಮಾತ್ರ ಎಂದಿಟ್ಟ ಡಬ್ಲ್ಯುಪಿಎ2, ಉದ್ದನೆಯ ಪಾಸ್‌ವರ್ಡ್ ಜೊತೆಗಿದ್ದರೆ, ಇಂದಿಗೂ ಎರಡನೆಯ ಬಗೆಯವರನ್ನು ತಡೆದು ನಿಲ್ಲಿಸುತ್ತದೆ. ಎಲ್ಲವೂ ಪಾಸ್‌ವರ್ಡ್ ಮೇಲೆ ನಿಂತಿರುತ್ತದೆ ಎಂಬುದಷ್ಟೇ ಅದರ ಷರತ್ತು.

ದೊಡ್ಡ ಸಂಸ್ಥೆಗಳು ಬಳಸುವ, ಪ್ರತಿಯೊಬ್ಬರಿಗೂ ಬೇರೆ ಗುರುತು ಕೊಡುವ ಎಂಟರ್‌ಪ್ರೈಸ್ ಬಗೆಯೂ ಮೆನುವಿನಲ್ಲಿ ಇರಬಹುದು. ಅದಕ್ಕೆ ಪ್ರತ್ಯೇಕ ಸರ್ವರ್ ಬೇಕು, ಮನೆಯ ಟಿವಿ ಮತ್ತು ಸ್ಪೀಕರುಗಳು ಬಹುಪಾಲು ಅದರೊಡನೆ ಹೊಂದಿಕೊಳ್ಳುವುದಿಲ್ಲ. ಮನೆಗೆ ಅದು ಬೇಡ.

ಪಾಸ್‌ವರ್ಡ್: ಅಂಕಿ, ಅಕ್ಷರ, ಪದಗಳು

ಡಬ್ಲ್ಯುಪಿಎ2 ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು. ಪ್ರತಿ ಊಹೆಯನ್ನೂ ನಿಧಾನಗೊಳಿಸಲೆಂದು ಅದು 4096 ಸುತ್ತುಗಳ ಲೆಕ್ಕವನ್ನು ಮಾಡಿಸುತ್ತದೆ. ಹಾಗಿದ್ದರೂ ಇಂದಿನ ಬಲವಾದ ಒಂದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಊಹೆಗಳನ್ನು ಪರೀಕ್ಷಿಸಬಲ್ಲದು. ಈ ಒಂದು ಅಂಕಿಯನ್ನು ಹಿಡಿದು ಲೆಕ್ಕ ಹಾಕಿದರೆ ಆಯ್ಕೆಗಳ ನಡುವಿನ ಅಂತರ ಕಣ್ಣಿಗೆ ಕಟ್ಟುತ್ತದೆ. ಎಂಟು ಅಂಕಿಗಳ ಪಾಸ್‌ವರ್ಡ್, ಅಂದರೆ ಹುಟ್ಟಿದ ದಿನಾಂಕದಂಥದ್ದು, ಒಟ್ಟು 10 ಕೋಟಿ ಸಾಧ್ಯತೆಗಳನ್ನಷ್ಟೇ ಕೊಡುತ್ತದೆ. ಅವೆಲ್ಲವನ್ನೂ ಮುಗಿಸಲು ಎರಡು ನಿಮಿಷ ಬೇಡ. ಹತ್ತು ಅಂಕಿಗಳ ಫೋನ್ ಸಂಖ್ಯೆಯನ್ನು ಪಾಸ್‌ವರ್ಡ್ ಮಾಡಿಕೊಂಡರೆ ಯಾವ ಸುಳಿವೂ ಇಲ್ಲದೆಯೇ ಮೂರು ಗಂಟೆಯೊಳಗೆ ಅದು ಸಿಗುತ್ತದೆ, ಮೊದಲ ಅಂಕಿಗಳ ಸುಳಿವಿದ್ದರೆ ಇನ್ನೂ ಬೇಗ. ಒಂದು ಹೆಸರಿನ ಮುಂದೆ ಇಸವಿ, ಅದರ ಮುಂದೊಂದು ಚಿಹ್ನೆ ಎಂಬ ಮಾದರಿ ನೋಡಲು ಗಟ್ಟಿಯಾಗಿ ಕಾಣುತ್ತದೆ; ಆದರೆ ಪಾಸ್‌ವರ್ಡ್ ಒಡೆಯುವ ತಂತ್ರಾಂಶಗಳು ಮೊದಲು ಪ್ರಯತ್ನಿಸುವುದೇ ಆ ಮಾದರಿಯನ್ನು. ಕನ್ನಡದ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಯಾರಿಗೂ ಹೊಳೆಯದು ಎಂಬ ನಂಬಿಕೆಯೂ ಸರಿಯಲ್ಲ, ಏಕೆಂದರೆ ಹಿಂದೆ ಸೋರಿಕೆಯಾದ ಪಾಸ್‌ವರ್ಡುಗಳ ಪಟ್ಟಿಗಳಲ್ಲಿ ಎಲ್ಲ ಭಾಷೆಗಳ ಹೆಸರುಗಳೂ ಇವೆ.

ಇವುಗಳ ಎದುರಿಗೆ ಎರಡು ಒಳ್ಳೆಯ ದಾರಿಗಳಿವೆ. ಒಂದು, ಪಾಸ್‌ವರ್ಡ್ ಮ್ಯಾನೇಜರಿನಿಂದ ಹನ್ನೆರಡೋ ಹೆಚ್ಚೋ ಅಕ್ಷರಗಳ, ಅರ್ಥವಿಲ್ಲದ ಸರಣಿಯನ್ನು ತಯಾರಿಸಿಕೊಳ್ಳುವುದು. ಇನ್ನೊಂದು, ಒಂದಕ್ಕೊಂದು ಸಂಬಂಧವಿಲ್ಲದ ಐದು ಪದಗಳನ್ನು ಒಟ್ಟಿಗೆ ಸೇರಿಸುವುದು: ಕೊಡೆ, ಇಟ್ಟಿಗೆ, ನವಿಲು, ಗುಡುಗು, ಚಮಚ ಎಂಬಂತೆ. ಈ ಪದಗಳನ್ನು ಮನಸ್ಸಿಗೆ ತೋಚಿದಂತೆ ಆರಿಸಬಾರದು, ದಾಳ ಉರುಳಿಸಿ ದೊಡ್ಡ ಪಟ್ಟಿಯೊಂದರಿಂದ ಆರಿಸಬೇಕು. ಮನಸ್ಸು ಆರಿಸಿದ ಪದಗಳು ಅದಕ್ಕೇ ತಿಳಿಯದಂತೆ ಒಂದಕ್ಕೊಂದು ಹೊಂದಿಕೊಂಡುಬಿಡುತ್ತವೆ. ಐದು ದಾಳಗಳಿಂದ ಆರಿಸಬಹುದಾದ 7776 ಪದಗಳ ಪಟ್ಟಿಯಿಂದ ನಾಲ್ಕು ಪದಗಳನ್ನು ತೆಗೆದರೆ, ಮೇಲಿನ ವೇಗದಲ್ಲಿ ಎಲ್ಲ ಸಾಧ್ಯತೆಗಳನ್ನೂ ಮುಗಿಸಲು ಒಂದು ಕಾರ್ಡಿಗೆ 100 ವರ್ಷಕ್ಕಿಂತ ಹೆಚ್ಚು ಬೇಕು, ಆದರೆ ಅಂಥ 100 ಕಾರ್ಡುಗಳಿದ್ದವರಿಗೆ ಒಂದು ವರ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಐದು ಪದಗಳಾದರೆ ಒಂದು ಕಾರ್ಡಿಗೆ ಸುಮಾರು 9 ಲಕ್ಷ ವರ್ಷಗಳಾಗುತ್ತವೆ. ನಾಲ್ಕಕ್ಕೂ ಐದಕ್ಕೂ ಟೈಪ್ ಮಾಡುವ ಶ್ರಮದಲ್ಲಿ ಇರುವ ವ್ಯತ್ಯಾಸ ಅತ್ಯಲ್ಪ. ಟಿವಿಯ ರಿಮೋಟಿನಲ್ಲಿ ಅಕ್ಷರ ಹುಡುಕಿ ಒತ್ತಬೇಕಾದ ಮನೆಯಲ್ಲಿ, ಮನೆಗೆ ಬಂದವರಿಗೆ ಬಾಯಲ್ಲಿ ಹೇಳಬೇಕಾದಲ್ಲಿ ಪದಗಳ ದಾರಿಯೇ ಮೇಲು ಎಂದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಉದಾಹರಣೆಗೆ ಬರೆದಿರುವ ಐದು ಪದಗಳನ್ನು ಮಾತ್ರ ಯಾರೂ ಬಳಸಬಾರದು.

ರೂಟರಿನ ಅಡಿಯಲ್ಲಿ ಅಂಟಿಸಿದ ಪಾಸ್‌ವರ್ಡನ್ನೇ ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯೂ ಇದೆ. ನೋಡಲು ಅದು ಗೊತ್ತುಗುರಿಯಿಲ್ಲದ ಸರಣಿಯಂತೆಯೇ ಇರುತ್ತದೆ, ಆದರೆ ಕೆಲವು ಮಾದರಿಗಳಲ್ಲಿ ಅದನ್ನು ರೂಟರಿನ ವಿಳಾಸ ಅಥವಾ ಸರಣಿ ಸಂಖ್ಯೆಯಿಂದ ಲೆಕ್ಕ ಹಾಕಿ ತಯಾರಿಸಿದ್ದು ಹಿಂದೆ ಪತ್ತೆಯಾಗಿದೆ. ಬದಲಾಯಿಸುವುದೇ ಸರಿ. ಹಾಗೆಯೇ ಜಾಲದ ಹೆಸರನ್ನೂ ಬದಲಾಯಿಸಬೇಕು: ಡಬ್ಲ್ಯುಪಿಎ2 ಲೆಕ್ಕದಲ್ಲಿ ಆ ಹೆಸರೂ ಸೇರುವುದರಿಂದ, ಎಲ್ಲೆಡೆ ಕಾಣುವ ಸಿದ್ಧ ಹೆಸರುಗಳಿಗೆ ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕಗಳು ದೊರೆಯುತ್ತವೆ. ಹೊಸ ಹೆಸರಿನಲ್ಲಿ ಮನೆಯ ಸಂಖ್ಯೆ, ಕುಟುಂಬದ ಹೆಸರು, ರೂಟರಿನ ಮಾದರಿ ಇವು ಯಾವುವೂ ಇರಬಾರದು.

ಹಂಚಿಕೊಳ್ಳಲು ಫೋನು ತೋರಿಸುವ ಕ್ಯೂಆರ್ ಕೋಡ್ ಒಳ್ಳೆಯ ದಾರಿ. ಆದರೆ ಆ ಕೋಡಿನೊಳಗೆ ಪಾಸ್‌ವರ್ಡ್ ಬರಿಯ ಅಕ್ಷರಗಳಲ್ಲೇ ಇರುತ್ತದೆ. ಅದನ್ನು ಮುದ್ರಿಸಿ ಗೋಡೆಗೆ ಅಂಟಿಸಿದರೆ ಪಾಸ್‌ವರ್ಡನ್ನೇ ಗೋಡೆಗೆ ಬರೆದಂತೆ. ಅತಿಥಿ ಜಾಲದ್ದಾದರೆ ಅಂಟಿಸಬಹುದು, ಮುಖ್ಯ ಜಾಲದ್ದನ್ನು ಬೇಡ.

ಡಬ್ಲ್ಯುಪಿಎಸ್: ಗುಂಡಿ, ಪಿನ್, ಅಥವಾ ಎರಡೂ ಬೇಡ

ಪಾಸ್‌ವರ್ಡ್ ಟೈಪ್ ಮಾಡುವ ಕಷ್ಟವನ್ನು ತಪ್ಪಿಸಲೆಂದು ಬಂದ ಡಬ್ಲ್ಯುಪಿಎಸ್‌ನಲ್ಲಿ ಎರಡು ದಾರಿಗಳಿವೆ. ಒಂದು ರೂಟರಿನ ಮೇಲಿನ ಗುಂಡಿ, ಇನ್ನೊಂದು ಎಂಟು ಅಂಕಿಗಳ ಪಿನ್. ಪಿನ್ ದಾರಿಯನ್ನು ಹತ್ತಿರದಿಂದ ನೋಡಿದರೆ ಅದು ಎಷ್ಟು ಅಪಾಯಕಾರಿ ಎಂಬುದು ತಿಳಿಯುತ್ತದೆ. ಎಂಟು ಅಂಕಿಗಳೆಂದರೆ 10 ಕೋಟಿ ಸಾಧ್ಯತೆಗಳು ಎಂದು ತೋರುತ್ತದೆ. ಆದರೆ ಎಂಟನೆಯ ಅಂಕಿ ಉಳಿದ ಏಳರಿಂದ ಲೆಕ್ಕ ಹಾಕಿ ಬರುವ ತಾಳೆಯ ಅಂಕಿ. ಆದ್ದರಿಂದ ಉಳಿಯುವುದು ಏಳೇ. ಅದಕ್ಕೂ ಮಿಗಿಲಾಗಿ, ಮೊದಲ ನಾಲ್ಕು ಅಂಕಿಗಳು ತಪ್ಪಾಗಿದ್ದರೆ ರೂಟರ್ ಅದನ್ನು ಅಲ್ಲಿಯೇ ತಿಳಿಸಿಬಿಡುತ್ತದೆ. ಹೀಗಾಗಿ ನುಸುಳುಕೋರ ಮೊದಲ ಅರ್ಧಕ್ಕೆ ಹೆಚ್ಚೆಂದರೆ 10,000, ಎರಡನೆಯ ಅರ್ಧದ ಮೂರು ಅಂಕಿಗಳಿಗೆ ಹೆಚ್ಚೆಂದರೆ 1,000, ಒಟ್ಟು 11,000 ಪ್ರಯತ್ನಗಳಲ್ಲಿ ಪಿನ್ ಕಂಡುಹಿಡಿಯುತ್ತಾನೆ. 10 ಕೋಟಿ ಎಂದು ತೋರಿದ್ದು 11,000ಕ್ಕೆ ಕುಸಿಯಿತು. ಪಿನ್ ಸಿಕ್ಕೊಡನೆ ರೂಟರ್ ತಾನಾಗಿಯೇ ವೈ-ಫೈ ಪಾಸ್‌ವರ್ಡನ್ನು ಒಪ್ಪಿಸುತ್ತದೆ. ಆ ಪಾಸ್‌ವರ್ಡ್ ಐದು ಪದಗಳದ್ದೋ ಐವತ್ತು ಅಕ್ಷರಗಳದ್ದೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. 2011ರ ಕೊನೆಯಲ್ಲಿ ಇದು ಬಹಿರಂಗವಾಯಿತು. 2014ರಲ್ಲಿ, ಕೆಲವು ಚಿಪ್ಪುಗಳು ಸರಿಯಾದ ಯಾದೃಚ್ಛಿಕ ಸಂಖ್ಯೆಗಳನ್ನು ಬಳಸದೆ ಇದ್ದುದರಿಂದ, ಅವುಗಳ ಪಿನ್ನನ್ನು ಒಂದೇ ಪ್ರಯತ್ನದ ದಾಖಲೆಯಿಂದ ಬೇಗನೆ ಲೆಕ್ಕ ಹಾಕಬಹುದು ಎಂಬುದೂ ಗೊತ್ತಾಯಿತು.

ಗುಂಡಿಯ ದಾರಿ ಇಷ್ಟು ಕೆಟ್ಟದ್ದಲ್ಲ. ಅದು ಒತ್ತಿದ ಮೇಲೆ ಎರಡು ನಿಮಿಷ ಮಾತ್ರ ತೆರೆದಿರುತ್ತದೆ, ಮತ್ತು ಒತ್ತಲು ಮನೆಯೊಳಗೇ ಇರಬೇಕು. ಪಿನ್ನನ್ನು ಮಾತ್ರ ನಿಲ್ಲಿಸಿ ಗುಂಡಿಯನ್ನು ಉಳಿಸಿಕೊಳ್ಳಲು ರೂಟರ್ ಬಿಟ್ಟರೆ ಅದು ಒಪ್ಪಬಹುದಾದ ಮಧ್ಯಮಾರ್ಗ. ಎರಡರಲ್ಲಿ ಯಾವುದು ನಿಂತಿದೆ ಎಂದು ಮೆನು ಸ್ಪಷ್ಟವಾಗಿ ಹೇಳದಿದ್ದರೆ ಪೂರ್ತಿಯಾಗಿ ನಿಲ್ಲಿಸಬೇಕು. ಡಬ್ಲ್ಯುಪಿಎ3 ಮಾತ್ರ ಎಂದು ಆರಿಸಿದಾಗ ಸಾಮಾನ್ಯವಾಗಿ ಡಬ್ಲ್ಯುಪಿಎಸ್ ತಾನಾಗಿಯೇ ನಿಲ್ಲುತ್ತದೆ.

ಮರೆಮಾಡಿದ ಹೆಸರು ಮತ್ತು ಮ್ಯಾಕ್ ಪಟ್ಟಿ

ಇವೆರಡೂ ಬಹಳ ಜನಪ್ರಿಯ ಸಲಹೆಗಳು. ಹೆಸರನ್ನು ಮರೆಮಾಡಿದಾಗ ರೂಟರ್ ತನ್ನ ಹೆಸರನ್ನು ಸಾರುವುದನ್ನು ನಿಲ್ಲಿಸುತ್ತದೆ, ಆದರೆ ಯಾವುದೇ ಸಾಧನ ಅದಕ್ಕೆ ಸೇರುವಾಗ ಆ ಹೆಸರು ಗಾಳಿಯಲ್ಲಿ ಬಹಿರಂಗವಾಗಿಯೇ ಹೋಗುತ್ತದೆ. ಎರಡನೆಯ ಬಗೆಯವನಿಗೆ ಅದು ತಡೆಯೇ ಅಲ್ಲ. ಮೊದಲನೆಯ ಬಗೆಯವನಿಗೆ ಪಾಸ್‌ವರ್ಡೇ ಸಾಕಷ್ಟು ತಡೆ. ಇದರ ಜೊತೆಗೆ ಒಂದು ನಷ್ಟವೂ ಇದೆ: ಮರೆಯಾದ ಜಾಲವನ್ನು ಹುಡುಕಲು ಫೋನು ಹೋದಲ್ಲೆಲ್ಲ ಆ ಹೆಸರನ್ನು ಕೂಗಿ ಕರೆಯಬೇಕಾಗುತ್ತದೆ. ಮನೆಯಲ್ಲಿ ಮುಚ್ಚಿಟ್ಟದ್ದನ್ನು ಬೀದಿಯಲ್ಲಿ ಸಾರಿದಂತಾಗುವ ಈ ಆಯ್ಕೆಯನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಪಟ್ಟಿಯಲ್ಲಿರುವ ಸಾಧನಗಳನ್ನು ಮಾತ್ರ ಒಳಗೆ ಬಿಡುವ ಮ್ಯಾಕ್ ವಿಳಾಸಗಳ ಪಟ್ಟಿಯದೂ ಹೆಚ್ಚುಕಡಿಮೆ ಅದೇ ಕಥೆ. ಎನ್‌ಕ್ರಿಪ್ಷನ್ ಇದ್ದರೂ ಪ್ರತಿ ಸಂದೇಶದ ತಲೆಯಲ್ಲಿ ಸಾಧನದ ಮ್ಯಾಕ್ ವಿಳಾಸ ತೆರೆದೇ ಇರುತ್ತದೆ. ಅದನ್ನು ನೋಡಿ ನಕಲು ಮಾಡಲು ಕ್ಷಣಗಳು ಸಾಕು. ಮನೆಯವರ ಪಾಲಿಗೋ, 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದೀಚೆಗೆ ಫೋನುಗಳು ಪ್ರತಿ ಜಾಲಕ್ಕೂ ಬೇರೆಬೇರೆ ಕೃತಕ ವಿಳಾಸವನ್ನು ಬಳಸುವುದರಿಂದ ಪಟ್ಟಿಯನ್ನು ಸರಿಯಾಗಿಟ್ಟುಕೊಳ್ಳುವುದೇ ಒಂದು ಕೆಲಸವಾಗುತ್ತದೆ. ಯಾವ ಸಾಧನ ಯಾರದ್ದು ಎಂದು ಗುರುತಿಸಲು, ಮಕ್ಕಳ ಸಾಧನಗಳಿಗೆ ಸಮಯದ ಮಿತಿ ಹಾಕಲು ಈ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಅದನ್ನು ರಕ್ಷಣೆಯೆಂದು ನಂಬಿ ಪಾಸ್‌ವರ್ಡನ್ನು ಸಡಿಲ ಬಿಟ್ಟರೆ ಮಾತ್ರ ಹಾನಿ. ಸಿಗ್ನಲ್ ಬಲವನ್ನು ತಗ್ಗಿಸುವ ಉಪಾಯವೂ ಇದೇ ಗುಂಪಿಗೆ ಸೇರಿದ್ದು. ಒಳ್ಳೆಯ ಆಂಟೆನಾ ಇದ್ದವನಿಗೆ ಅದು ಲೆಕ್ಕಕ್ಕಿಲ್ಲ.

ಸಾಧನಗಳನ್ನು ಬೇರ್ಪಡಿಸುವ ಮೂರು ದಾರಿಗಳು

ಮೂರನೆಯ ಬಗೆಯ ನುಸುಳುಕೋರನ ವಿಷಯದಲ್ಲಿ ವೈ-ಫೈ ಪಾಸ್‌ವರ್ಡಿಗೆ ಯಾವ ಕೆಲಸವೂ ಇಲ್ಲ. 2016ರಲ್ಲಿ ಹರಡಿದ ಮಿರಾಯ್ ಎಂಬ ದುಷ್ಟ ತಂತ್ರಾಂಶ ಕ್ಯಾಮೆರಾ, ವೀಡಿಯೊ ರೆಕಾರ್ಡರ್ ಮತ್ತು ರೂಟರುಗಳೊಳಗೆ ನುಗ್ಗಿದ್ದು ಕಾರ್ಖಾನೆಯಲ್ಲೇ ಇಟ್ಟ 60ಕ್ಕೂ ಹೆಚ್ಚು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿ. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಸಾಧನಗಳನ್ನೆಲ್ಲ ಒಟ್ಟಿಗೆ ಬಳಸಿ ಡೈನ್ ಎಂಬ ಡಿಎನ್‌ಎಸ್ (ಜಾಲತಾಣದ ಹೆಸರಿನಿಂದ ಅದರ ಸಂಖ್ಯಾ ವಿಳಾಸವನ್ನು ಹುಡುಕಿಕೊಡುವ ಸೇವೆಯ) ಕಂಪನಿಯ ಮೇಲೆ ದಾಳಿ ನಡೆಸಿದಾಗ ದೊಡ್ಡ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಸಿಗದೆ ಹೋದವು. ಇಂಥ ಒಂದು ಸಾಧನ ಮನೆಯ ಕಂಪ್ಯೂಟರುಗಳಿರುವ ಜಾಲದಲ್ಲೇ ಇದ್ದರೆ, ಅದರ ಮೂಲಕ ಉಳಿದವುಗಳ ಬಾಗಿಲನ್ನೂ ತಟ್ಟಿ ನೋಡಬಹುದು. ಆದ್ದರಿಂದ ನಂಬಿಕೆಗೆ ಅರ್ಹವಲ್ಲದ ಸಾಧನಗಳನ್ನು ಬೇರೆ ಇಡಬೇಕು.

ಎಲ್ಲಕ್ಕಿಂತ ಸುಲಭದ ದಾರಿ ರೂಟರಿನಲ್ಲಿಯೇ ಇರುವ ಅತಿಥಿ ಜಾಲ. ಬೇರೆ ಹೆಸರು, ಬೇರೆ ಪಾಸ್‌ವರ್ಡ್. ಅದಕ್ಕೆ ಸೇರಿದವರಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯ ಒಳಜಾಲ ಸಿಗುವುದಿಲ್ಲ. ಸ್ಥಳೀಯ ಜಾಲಕ್ಕೆ ಪ್ರವೇಶ ಕೊಡುವ ಗುರುತು ತೆಗೆದಿದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು. ಇದರ ಇಕ್ಕಟ್ಟೆಂದರೆ, ಟಿವಿಯನ್ನು ಅತಿಥಿ ಜಾಲದಲ್ಲಿಟ್ಟು ಫೋನನ್ನು ಮುಖ್ಯ ಜಾಲದಲ್ಲಿಟ್ಟರೆ ಫೋನಿನಿಂದ ಟಿವಿಗೆ ಚಿತ್ರ ಕಳುಹಿಸಲು ಬಹುತೇಕ ಆಗುವುದಿಲ್ಲ. ಹಾಗಾಗಿ ಫೋನಿನೊಡನೆ ನೇರವಾಗಿ ಮಾತಾಡಬೇಕಾದ ಸಾಧನಗಳನ್ನು ಮುಖ್ಯ ಜಾಲದಲ್ಲಿ ಉಳಿಸಿ, ಇಂಟರ್ನೆಟ್ ಮಾತ್ರ ಸಾಕಾಗುವ ಕ್ಯಾಮೆರಾ, ಬಲ್ಬ್, ಪ್ಲಗ್ ಇತ್ಯಾದಿಗಳನ್ನು ಆಚೆಗೆ ಹಾಕುವುದು ಒಪ್ಪತಕ್ಕ ವಿಂಗಡಣೆ.

ಎರಡನೆಯ ದಾರಿ, ಮನೆಯಲ್ಲಿ ಬಿದ್ದಿರುವ ಇನ್ನೊಂದು ರೂಟರನ್ನು ಮೊದಲನೆಯದರ ಹಿಂದೆ ಜೋಡಿಸುವುದು. ಇಲ್ಲಿ ಯಾವುದು ಯಾವ ಕಡೆ ಇರಬೇಕೆಂಬುದನ್ನು ಅನೇಕರು ತಿರುವುಮುರುವಾಗಿ ಮಾಡುತ್ತಾರೆ. ಒಳಗಿನ ರೂಟರಿನ ಹಿಂದಿರುವ ಸಾಧನಗಳು ಹೊರಗಿನ ರೂಟರಿನ ಜಾಲವನ್ನು ತಲುಪಬಲ್ಲವು, ಹೊರಗಿನವು ಒಳಗಿನವನ್ನು ತಾವಾಗಿ ತಲುಪಲಾರವು. ಆದ್ದರಿಂದ ಕ್ಯಾಮೆರಾಗಳು ಹೊರಗಿನ ರೂಟರಿನಲ್ಲೂ, ಕಂಪ್ಯೂಟರುಗಳು ಒಳಗಿನದರಲ್ಲೂ ಇರಬೇಕು. ಸಂಶಯದ ಸಾಧನಗಳನ್ನು ಒಳಗೆ ಕೂಡಿಹಾಕಿದ್ದೇವೆ ಎಂದುಕೊಂಡು ಅವುಗಳಿಗೇ ಎಲ್ಲವನ್ನೂ ನೋಡುವ ಜಾಗವನ್ನು ಕೊಟ್ಟರೆ ಪ್ರಯತ್ನವೆಲ್ಲ ವ್ಯರ್ಥ. ಮೂರನೆಯ ದಾರಿಯಾದ ವಿಎಲ್‌ಎಎನ್, ಅಂದರೆ ಒಂದೇ ಜಾಲವನ್ನು ನಿಯಮಗಳಿಂದ ಹಲವು ಪ್ರತ್ಯೇಕ ಜಾಲಗಳಾಗಿ ಒಡೆಯುವ ವಿಧಾನ, ಹೆಚ್ಚು ಶಕ್ತಿಯುತ, ಆದರೆ ನಿಯಮಗಳನ್ನು ತಾವೇ ಬರೆದು ತಾವೇ ಪರೀಕ್ಷಿಸಬಲ್ಲವರಿಗೆ ಮಾತ್ರ ತಕ್ಕದ್ದು. ತಪ್ಪಿದ ಒಂದು ನಿಯಮ ಯಾವ ಸೂಚನೆಯನ್ನೂ ಕೊಡದೆ ಗೋಡೆಯನ್ನು ಇಲ್ಲವಾಗಿಸುತ್ತದೆ. ಹೆಚ್ಚಿನ ಮನೆಗಳಿಗೆ ಅತಿಥಿ ಜಾಲವೇ ಸಾಕು.

ರೂಟರಿನ ನಿರ್ವಹಣೆ

ವೈ-ಫೈ ಪಾಸ್‌ವರ್ಡ್ ಬೇರೆ, ರೂಟರಿನ ಸೆಟ್ಟಿಂಗ್ಸ್ ತೆರೆಯುವ ಪಾಸ್‌ವರ್ಡ್ ಬೇರೆ. ಎರಡನೆಯದನ್ನು ಬದಲಾಯಿಸದೆ ಬಿಟ್ಟರೆ ಮನೆಯೊಳಗಿನ ಬ್ರೌಸರಿನಲ್ಲಿ ತೆರೆದ ದುಷ್ಟ ಪುಟವೊಂದು ಕಾರ್ಖಾನೆಯ ಪಾಸ್‌ವರ್ಡ್ ಬಳಸಿ ರೂಟರಿಗೆ ಆದೇಶ ಕಳುಹಿಸಲು ಪ್ರಯತ್ನಿಸಬಹುದು. ಹಾಗೆ ಒಳನುಗ್ಗಿದವರು ಹೆಚ್ಚಾಗಿ ಬದಲಾಯಿಸುವುದು ಡಿಎನ್‌ಎಸ್ ವಿಳಾಸವನ್ನು, ಏಕೆಂದರೆ ಅದೊಂದನ್ನು ಬದಲಾಯಿಸಿದರೆ ಮನೆಯವರೆಲ್ಲರೂ ತಮಗೆ ತಿಳಿಯದಂತೆ ನಕಲಿ ತಾಣಗಳ ಕಡೆಗೆ ತಿರುಗುತ್ತಾರೆ. ಇಂಟರ್ನೆಟ್ ಕಡೆಯಿಂದ ಸೆಟ್ಟಿಂಗ್ಸ್ ತೆರೆಯಲು ಬಿಡುವ ದೂರ ನಿರ್ವಹಣೆಯನ್ನು ನಿಲ್ಲಿಸಬೇಕು. ಮನೆಯೊಳಗಿನ ಯಾವ ಸಾಧನ ಬೇಕಾದರೂ ಕೇಳಿ ಹೊರಬಾಗಿಲು ತೆರೆಸಿಕೊಳ್ಳಲು ಅವಕಾಶ ಕೊಡುವ ಯುಪಿಎನ್‌ಪಿಯನ್ನೂ ನಿಲ್ಲಿಸಿ ನೋಡಬೇಕು. ಯಾವುದಾದರೂ ಆಟ ಅಥವಾ ಕರೆ ಕೆಲಸ ಮಾಡದಿದ್ದರೆ ಆಗ ಅದಕ್ಕೆ ಬೇಕಾದ ಒಂದು ಪೋರ್ಟನ್ನಷ್ಟೇ, ಅಂದರೆ ಸಂಖ್ಯೆಯಿಂದ ಗುರುತಿಸುವ ಒಂದು ಬಾಗಿಲನ್ನಷ್ಟೇ, ತೆರೆಯಬಹುದು.

ಅಪ್‌ಡೇಟ್ ತಾನಾಗಿ ಆಗಬೇಕೇ, ಕೈಯಾರೆ ಮಾಡಬೇಕೇ? ಕೈಯಾರೆ ಮಾಡುವವರು ಹೊಸ ಆವೃತ್ತಿಯ ತೊಂದರೆಗಳನ್ನು ನೋಡಿ ಮುಂದುವರಿಯಬಹುದು ಎಂಬ ವಾದ ಸರಿಯೇ, ಆದರೆ ವಾಸ್ತವದಲ್ಲಿ ಕೈಯಾರೆ ಎಂದರೆ ಎಂದೂ ಇಲ್ಲ ಎಂದಾಗುತ್ತದೆ. ತಾನಾಗಿ ಆಗಲಿ ಎಂದೇ ಇಡಬೇಕು. 2018ರಲ್ಲಿ ಪತ್ತೆಯಾದ ವಿಪಿಎನ್‌ಫಿಲ್ಟರ್ ಎಂಬ ದುಷ್ಟ ತಂತ್ರಾಂಶ ಸುಮಾರು 5 ಲಕ್ಷ ಸಾಧನಗಳಲ್ಲಿ, ಬಹುಪಾಲು ಮನೆ ಮತ್ತು ಸಣ್ಣ ಕಚೇರಿಗಳ ರೂಟರುಗಳಲ್ಲಿ ನೆಲೆಸಿತ್ತು. ಅದು ಮುಖ್ಯವಾಗಿ ಹಿಡಿದದ್ದು ಆಗಲೇ ತಿಳಿದಿದ್ದ ದೋಷಗಳನ್ನು.

ಇಂಟರ್ನೆಟ್ ಕಂಪನಿ ಕೊಟ್ಟ ರೂಟರಿಗೂ ತಾವೇ ಕೊಂಡದ್ದಕ್ಕೂ ಹೋಲಿಕೆ ಮಾಡುವಾಗ ನೋಡಬೇಕಾದದ್ದು ಕೂಡ ಇದನ್ನೇ. ಕಂಪನಿಯದ್ದಾದರೆ ಅಪ್‌ಡೇಟ್ ಹೊಣೆ ಅವರದು, ನಿಯಂತ್ರಣವೂ ಹೆಚ್ಚಾಗಿ ಅವರದು. ಆ ನಿರ್ವಹಣೆಯ ದಾರಿಯೇ ದಾಳಿಗೆ ಗುರಿಯಾಗಬಹುದು. 2016ರ ನವೆಂಬರಿನಲ್ಲಿ ಜರ್ಮನಿಯಲ್ಲಿ ದೂರದಿಂದ ರೂಟರ್ ನಿರ್ವಹಿಸುವ ಪೋರ್ಟಿನತ್ತ ಗುರಿಯಿಟ್ಟ ದಾಳಿಯಿಂದ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕಕ್ಕೆ ಅಡಚಣೆಯಾಗಿತ್ತು. ತಾವೇ ಕೊಂಡದ್ದರಲ್ಲಿ ಎಲ್ಲ ಆಯ್ಕೆಗಳೂ ಕೈಯಲ್ಲಿರುತ್ತವೆ, ಆದರೆ ತಯಾರಕರು ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಎಂಬುದನ್ನು ಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು. ವೇಗದ ಅಂಕಿಗಳಿಗಿಂತ ನಾನು ಮೊದಲು ನೋಡುವುದು ಆ ಅವಧಿಯನ್ನು. ಅಪ್‌ಡೇಟ್ ನಿಂತ ರೂಟರ್ ಚೆನ್ನಾಗಿಯೇ ಓಡುತ್ತಿದ್ದರೂ ಅದನ್ನು ಬದಲಾಯಿಸಬೇಕು.

ಅಪರಿಚಿತ ಸಾಧನ ಕಂಡಾಗ

ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿಯಲ್ಲಿ ಗುರುತಿಲ್ಲದ ಹೆಸರು ಕಂಡ ಮಾತ್ರಕ್ಕೆ ಅದು ನುಸುಳುಕೋರನೇ ಆಗಿರಬೇಕಿಲ್ಲ. ಮ್ಯಾಕ್ ವಿಳಾಸದ ಎರಡನೆಯ ಅಕ್ಷರ 2, 6, ಎ ಅಥವಾ ಇ ಆಗಿದ್ದರೆ ಅದು ಕಾರ್ಖಾನೆಯ ವಿಳಾಸವಲ್ಲ, ತಂತ್ರಾಂಶ ಇಟ್ಟ ವಿಳಾಸ. ಹೆಚ್ಚಾಗಿ ಮನೆಯವರದೇ ಫೋನಿನ ಕೃತಕ ವಿಳಾಸ. ಮನೆಯ ಸಾಧನಗಳ ವೈ-ಫೈಯನ್ನು ಒಂದೊಂದಾಗಿ ನಿಲ್ಲಿಸುತ್ತಾ ಪಟ್ಟಿಯಿಂದ ಯಾವುದು ಮಾಯವಾಗುತ್ತದೆ ಎಂದು ನೋಡಬೇಕು. ಎಲ್ಲವನ್ನೂ ನಿಲ್ಲಿಸಿದ ಮೇಲೂ ಅದು ಉಳಿದರೆ ಆ ಒಂದು ಸಾಧನವನ್ನು ತಡೆಹಿಡಿಯುವುದರಿಂದ ಪ್ರಯೋಜನವಿಲ್ಲ, ಅದು ಬೇರೆ ವಿಳಾಸದಲ್ಲಿ ಮರಳುತ್ತದೆ. ಡಬ್ಲ್ಯುಪಿಎಸ್ ನಿಂತಿದೆಯೇ ನೋಡಿ, ಆಮೇಲೆ ವೈ-ಫೈ ಪಾಸ್‌ವರ್ಡನ್ನೂ ಸೆಟ್ಟಿಂಗ್ಸ್ ಪಾಸ್‌ವರ್ಡನ್ನೂ ಬದಲಾಯಿಸಬೇಕು.

ಸೆಟ್ಟಿಂಗ್ಸ್ ಪುಟ ತನ್ನ ಪಾಸ್‌ವರ್ಡನ್ನೇ ಒಪ್ಪದಿದ್ದರೆ, ಅಥವಾ ಯಾರೂ ಇಡದ ಡಿಎನ್‌ಎಸ್ ವಿಳಾಸ ಅಲ್ಲಿ ಕಂಡರೆ, ರೂಟರನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸುವುದೇ ದಾರಿ. ಮರಳಿಸಿದೊಡನೆ ಸ್ಟಿಕ್ಕರಿನ ಹಳೆಯ ಪಾಸ್‌ವರ್ಡ್ ಮರಳುತ್ತದೆ, ಎಷ್ಟೋ ಮಾದರಿಗಳಲ್ಲಿ ಡಬ್ಲ್ಯುಪಿಎಸ್ ಮತ್ತು ಯುಪಿಎನ್‌ಪಿ ಮತ್ತೆ ಚಾಲೂ ಆಗುತ್ತವೆ, ಅತಿಥಿ ಜಾಲದ ನಿಯಮಗಳು ಅಳಿಸಿಹೋಗುತ್ತವೆ. ಹಿಂದೆ ಉಳಿಸಿಟ್ಟ ಸೆಟ್ಟಿಂಗ್ಸ್ ಕಡತವನ್ನು ಈ ಹಂತದಲ್ಲಿ ಮರಳಿ ತುಂಬಬಾರದು, ನುಸುಳುಕೋರ ಮಾಡಿದ ಬದಲಾವಣೆಯೂ ಅದರಲ್ಲಿ ಸೇರಿರಬಹುದು. ಇಂಟರ್ನೆಟ್ ಕೇಬಲನ್ನು ಕಳಚಿಟ್ಟು, ಕಂಪ್ಯೂಟರನ್ನು ತಂತಿಯಿಂದ ರೂಟರಿಗೆ ಜೋಡಿಸಿ, ಎಲ್ಲ ಸೆಟ್ಟಿಂಗುಗಳನ್ನೂ ಕೈಯಾರೆ ಹೊಸದಾಗಿ ಇಡಬೇಕು. ಆ ಬಳಿಕ ಕೇಬಲ್ ಸೇರಿಸಿ, ಬೇರೆ ಯಾವ ಸಾಧನವನ್ನೂ ಒಳಗೆ ಬಿಡುವ ಮೊದಲು ಅಪ್‌ಡೇಟ್ ಮುಗಿಸಬೇಕು.